ದೊಡ್ಡತ್ತೆಯ ಕೆಮ್ಮು

"ನಾಳೆ ಮಧ್ಯಾಹ್ನದ ಆಟಕ್ಕೆ ಎಲ್ಲರಿಗೂ ಟಿಕೆಟ್ ತಂದಿದ್ದೀನಿ. ಓದಕ್ಕ, ನಿಮ್ಮದೂ ಇದೆ."

ಬಾಯಿಗೆ ಬೀಗವಿಲ್ಲದ್ದಕ್ಕೆ ಪಟಾಕಿ ಎಂದು ಹೆಸರು ಬಿದ್ದವಳು ಟಿಕೆಟ್ಟುಗಳನ್ನು ಅಂಗಿಗಳ ರಾಶಿಯ ಮೇಲಿಟ್ಟಾಗ ಓದಕ್ಕ ಓದು ನಿಲ್ಲಿಸಿದಳು. ಅವಳ ಮಡಿಲಲ್ಲಿದ್ದ ಕಾದಂಬರಿಯದೇ ಸಿನಿಮಾ ಅದು. ಓದುವುದು ಇನ್ನೂ ಮೂರು ಅಧ್ಯಾಯ ಬಾಕಿ ಇತ್ತು.

ಅದು ಅಂಗಿಗಳಿಗೆ ಕೈಯಲ್ಲಿ ಗುಂಡಿ ಹೊಲಿಯುವ ಕೋಣೆ. ಸದ್ದು ಮಾಡುವ ಯಂತ್ರಗಳೆಲ್ಲ ಕೆಳಮಹಡಿಯಲ್ಲಿ. ಇಲ್ಲಿ ಏಳು ಹೆಂಗಸರು, ಏಳು ಸೂಜಿ. ಆರು ಅನ್ನಿ. ಓದಕ್ಕನ ಹೆಬ್ಬೆರಳ ಕೀಲು ಊದಿಕೊಂಡು ಎರಡು ವರ್ಷವಾಯಿತು, ಸೂಜಿ ಹಿಡಿದರೆ ಜೀವ ಬಾಯಿಗೆ ಬರುತ್ತದೆ. ಅವಳ ಪಾಲಿನ ಅಂಗಿಗಳನ್ನು ಉಳಿದವರು ಹಂಚಿಕೊಂಡರು, ಅವಳು ಕಥೆ ಪುಸ್ತಕ ಓದಿ ಹೇಳತೊಡಗಿದಳು, ಓದಕ್ಕ ಎಂದೇ ಹೆಸರಾಯಿತು. ಯಾರೂ ಕೂತು ಮಾಡಿದ ಏರ್ಪಾಡಲ್ಲ, ಹಾಗೇ ಆಗಿಹೋಯಿತು. ಹೋದ ತಿಂಗಳು ನೆಗಡಿ ಹಿಡಿದು ಕೂತಾಗಲೂ ಅವಳು ಒಂದು ದಿನ ತಪ್ಪಿಸಿರಲಿಲ್ಲ.

ನೀವು ಹೋಗಿಬನ್ನಿ, ನಾನೊಲ್ಲೆ ಎಂದಳು. ಹಿಂದೊಮ್ಮೆ ತನಗೆ ಪ್ರಾಣವಾಗಿದ್ದ ಪುಸ್ತಕದ ಸಿನಿಮಾ ನೋಡಿ ಕೆಟ್ಟಿದ್ದಳು. ಆಮೇಲೆ ಪುಸ್ತಕ ತೆರೆದರೆ ಅವಳ ನಾಯಕ ನಾಪತ್ತೆ. ಯಾವನೋ ದಪ್ಪ ಮೀಸೆಯವನು ಪ್ರತಿ ಪುಟದಲ್ಲೂ ಬಾಡಿಗೆಗೆ ಕೂತಿದ್ದ. ಎಷ್ಟು ಸಲ ಓದಿದರೂ ಖಾಲಿ ಮಾಡಲಿಲ್ಲ ಪುಣ್ಯಾತ್ಮ.

ಮರುದಿನ ಅರ್ಧ ದಿನ ರಜೆ. ಮಧ್ಯಾಹ್ನ ಖಾಲಿ ಕೋಣೆಯಲ್ಲಿ ಅವಳು ಸೂಜಿ ಹಿಡಿದು ನೋಡಿದಳು. ಒಂದು ಗಂಟೆಯಲ್ಲಿ ಎರಡು ಗುಂಡಿ. ಮೂರನೆಯದು ಕೈಜಾರಿ ಮೇಜಿನ ಕೆಳಗೆ ಉರುಳಿತು. ಕಥೆ ಗೊತ್ತಾದ ಮೇಲೆ ಓದುವವಳು ಯಾರಿಗೆ ಬೇಕು? ಈ ಕೋಣೆಯಲ್ಲಿ ತನಗಿನ್ನು ಕೆಲಸವಿಲ್ಲ ಎನ್ನಿಸಿ ಅಳು ಬಂತು.

ಮಾರನೆಯ ಬೆಳಿಗ್ಗೆ ಆರೂ ಮಂದಿ ಮುಖ ಊದಿಸಿಕೊಂಡು ಬಂದರು. ಪಟಾಕಿಯದೂ ಸದ್ದಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯಳಾದ ಅಜ್ಜಮ್ಮ ಬಾಯಿ ಬಿಟ್ಟಳು.

"ಅವಳಿಗೆ ಕೆಮ್ಮೇ ಇಲ್ಲ ಕಣೇ."

"ಯಾರಿಗೆ?"

"ದೊಡ್ಡತ್ತೆಗೆ, ಇನ್ಯಾರಿಗೆ? ಕುದುರೆ ಹಾಗೆ ಮೆಟ್ಟಿಲು ಹತ್ತುತಾಳೆ. ಒಂದೇ ಒಂದು ಸಲ ಕೆಮ್ಮಲಿಲ್ಲ."

ದೊಡ್ಡತ್ತೆಯೆಂದರೆ ಕಾದಂಬರಿಯಲ್ಲಿ ತಮ್ಮನೊಡನೆ ಜಗಳವಾಡಿ ಮನೆಬಿಟ್ಟು ಹೋದವಳು, ಇಡೀ ಕೋಣೆಯ ಮುದ್ದು. ಅಷ್ಟೇ ಅಲ್ಲ, ಮಧ್ಯಂತರಕ್ಕೆ ಮೊದಲೇ ಅವಳನ್ನು ಸಾಯಿಸಿಬಿಟ್ಟರು ಎಂದು ಪಟಾಕಿ ಕಣ್ಣೊರೆಸಿಕೊಂಡಳು.

ಓದಕ್ಕ ಗಾಬರಿಯಿಂದ ಹಿಂದಿನ ಪುಟಗಳನ್ನೆಲ್ಲ ತಿರುವಿದಳು. ಕೆಮ್ಮು ಎಂಬ ಪದ ಎಲ್ಲೂ ಇಲ್ಲ. ಆಮೇಲೆ ಹೊಳೆಯಿತು: ದೊಡ್ಡತ್ತೆ ಬರುವ ಪುಟಗಳನ್ನು ಓದಿದ್ದು ತನ್ನ ನೆಗಡಿಯ ವಾರದಲ್ಲಿ, ಸಾಲಿಗೊಮ್ಮೆ ಕೆಮ್ಮುತ್ತ! ನಗು ಉಕ್ಕಿ, ಹೊಟ್ಟೆ ಹಿಡಿದುಕೊಂಡು, ಹೇಗೋ ವಿಷಯ ಹೇಳಿದಳು. ಐದು ಮಂದಿ ಬಿದ್ದುಬಿದ್ದು ನಕ್ಕರು. ಅಜ್ಜಮ್ಮ ನಗಲಿಲ್ಲ.

"ಬರೆದೋನು ಮರೆತಿರ್ತಾನೆ ಬಿಡು. ಅವಳು ಕೆಮ್ಮೋದು ನಾನೇ ಕೇಳಿಲ್ವಾ?" ಎಂದು ಓದಕ್ಕನ ಪಾಲಿನ ರಾಶಿಯಿಂದ ನಾಲ್ಕು ಅಂಗಿ ಎಳೆದುಕೊಂಡಳು. ಉಳಿದವರೂ ಕೈ ಚಾಚಿದರು. ಅಜ್ಜಮ್ಮನೇ ಕೇಳಿದಳು: "ಪುಸ್ತಕದಲ್ಲೂ ಸಾಯ್ತಾಳಾ? ನಿಜ ಹೇಳು."

ಓದಕ್ಕ ಪುಟ ಬಿಡಿಸಿದಳು.

ಸಂಜೆಯ ಹೊತ್ತಿಗೆ ಕೊನೆಯ ಅಧ್ಯಾಯ ಬಂತು. ತಮ್ಮ ಒಬ್ಬನೇ ಕೂತಿದ್ದಾನೆ, ದೀಪ ಹಚ್ಚಿಲ್ಲ. "ಹೊರಗೆ ಯಾರೋ ಬಾಗಿಲು ತಟ್ಟಿದರು," ಎಂದು ಓದಿ ಓದಕ್ಕ ನಿಲ್ಲಿಸಿದಳು. ಆರು ಸೂಜಿಗಳೂ ಗಾಳಿಯಲ್ಲೇ ನಿಂತವು.

ಪುಟ ತಿರುಗಿಸುವ ಮುನ್ನ ಅವಳು ಸೆರಗು ಬಾಯಿಗೆ ಹಿಡಿದು ಎರಡು ಸಲ ಕೆಮ್ಮಿದಳು.

"ಬಂದ್ಲು," ಎಂದಳು ಅಜ್ಜಮ್ಮ, ಮತ್ತು ಕೂತಲ್ಲೇ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.