ತುಕ್ಕಿನ ಮಾತ್ರೆ

ನನ್ನ ಗಂಡನಿಗೆ ಜಿಮ್ ನಡೆಸುವುದು ನೆಪ, ಭಾಷಣ ಬಿಗಿಯುವುದೇ ಕಸುಬು. ಅವರ ಪ್ರಕಾರ ವ್ಯಾಯಾಮ ಮಾಡಿದರೆ ಸ್ನಾಯುವಿಗೆ ತುಕ್ಕು ಹಿಡಿಯುತ್ತದೆ. ಹಾಗಾದರೆ ಜಿಮ್‌ಗೆ ಬೀಗ ಹಾಕಿ ಎಂದರೆ, "ಅದಕ್ಕೇ ತುಕ್ಕು ತಡೆಯೋ ಆಂಟಿಆಕ್ಸಿಡೆಂಟ್ ಮಾತ್ರೆ ಇರೋದು ಪೆದ್ದಿ" ಎನ್ನುತ್ತಾರೆ. ಮಾತ್ರೆಯ ಡಬ್ಬಿಯ ಮೇಲೆ ಅವರದೇ ಫೋಟೊ, ಹೊಟ್ಟೆ ಒಳಗೆಳೆದುಕೊಂಡು ನಿಂತದ್ದು. ಆ ಉಸಿರು ಬಿಟ್ಟರೆ ಡಬ್ಬಿಯ ಮುಚ್ಚಳವೇ ಹಾರೀತು.

ನನ್ನ ತಮ್ಮ ಈ ಮಹಾನುಭಾವರನ್ನು ನಂಬಿದ್ದ. ಅವನಿಗೆ ಅಗ್ನಿಶಾಮಕ ದಳ ಸೇರುವ ಹಂಬಲ. ಆ ವರ್ಷದ್ದೇ ವಯಸ್ಸು ಮೀರುವ ಮುಂಚಿನ ಕೊನೆಯ ಪರೀಕ್ಷೆ. ನೀರಿನ ಪೈಪಿನ ಸುರುಳಿ ಹೆಗಲಿಗೇರಿಸಿ, ಗಡುವಿನೊಳಗೆ ಎತ್ತರದ ಕಟ್ಟಡದ ಮೇಲಿನ ಮಹಡಿ ಮುಟ್ಟಬೇಕು. ಜಿಮ್ ಇದ್ದ ಕಟ್ಟಡದ ಮೆಟ್ಟಿಲಲ್ಲೇ ಮರಳಿನ ಚೀಲ ಹೊತ್ತು ಹತ್ತಿಳಿಯತೊಡಗಿದ. ಒಬ್ಬನಿಗೇ ಬೇಜಾರೆಂದು ನನ್ನನ್ನೂ ಎಳೆದ. ನನ್ನ ಹೆಗಲಿಗೂ ಒಂದು ಚೀಲ ಬಿತ್ತು.

ಪ್ರತಿ ಸಲ ಇಳಿದು ಬಂದಾಗ ಯಜಮಾನರು ಅವನ ಅಂಗೈಗೆ ಮಾತ್ರೆ ಸುರಿಯುತ್ತಿದ್ದರು. ನನಗೆ ಒಂದೂ ಇಲ್ಲ.

"ನಿನಗ್ಯಾಕೆ? ಯಾವ ಬೆಂಕಿ ಆರಿಸ್ಬೇಕಿದೆ?"

ಜಿಮ್‌ಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಒಬ್ಬರು ಇದನ್ನು ನೋಡಿ ತಮ್ಮನನ್ನು ತಡೆದರು. "ಇಷ್ಟೊಂದು ಬೇಡಪ್ಪ. ದಣಿದಾಗ ಸ್ನಾಯುವಿನಲ್ಲಿ ಹುಟ್ಟೋ ಒತ್ತಡ ನೋಡಿಯೇ ಮೈ ಗಟ್ಟಿಯಾಗೋದು ಕಲಿಯತ್ತೆ. ಮಾತ್ರೆ ಅದನ್ನೇ ಅಡಗಿಸಿಬಿಟ್ರೆ ಪಟ್ಟ ಕಷ್ಟ ನೀರುಪಾಲಾಗಬಹುದು."

ಅವರು ಹೋದ ಮೇಲೆ ಯಜಮಾನರು ಹಲ್ಲು ಕಿರಿದರು. "ಜನರಿಗೆ ನೋವಿದ್ರೇನೇ ಅವರ ಹೊಟ್ಟೆಪಾಡು, ಬಿಡು."

"ಭಾವ ಹೇಳಿದ ಮೇಲೆ ಮುಗೀತಕ್ಕ" ಎಂದು ತಮ್ಮ ಮಾತ್ರೆ ಬಾಯಿಗೆ ಹಾಕಿ ಗಟಗಟ ನೀರು ಕುಡಿದ.

ವಾರಗಳು ಕಳೆದಂತೆ ನಾನು ಮೇಲಿನ ಮಹಡಿ ಮುಟ್ಟಿ ಅವನಿಗಾಗಿ ಕಾಯತೊಡಗಿದೆ. ಅವನು ಶುರುವಿನಲ್ಲಿ ಎಲ್ಲಿದ್ದನೋ ಹೆಚ್ಚುಕಮ್ಮಿ ಅಲ್ಲೇ ಇದ್ದ. ಎಲ್ಲಕ್ಕೂ ಮಾತ್ರೆಯೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ಆದರೂ ನಿಲ್ಲಿಸೋ ಎಂದು ಗೋಗರೆದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ, ಭಾವ ಇನ್ನಷ್ಟು ಸುರಿದರು.

ಪರೀಕ್ಷೆಯ ದಿನ ಅವನು ಕೊನೆಯ ತಿರುವಿನಲ್ಲಿದ್ದಾಗಲೇ ಸೀಟಿ ಊದಿದರು. ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಯಜಮಾನರು ಬಾಗಿಲಲ್ಲಿ ನಿಂತು, "ಇವನದು ಹಳೇ ತುಕ್ಕು" ಎಂದು ತೀರ್ಪು ಕೊಟ್ಟು ಊಟಕ್ಕೆ ಹೋದರು. ಅವರ ಮೇಲಿದ್ದ ಅಷ್ಟಿಷ್ಟು ಗೌರವವೂ ನನ್ನಲ್ಲಿ ಅಂದೇ ಸತ್ತಿತು.

ಮುಂದಿನ ವಾರ ಅವರಿಗೆ ಜಾಹೀರಾತಿನ ಹುಕಿ ಬಂತು. ಜಿಮ್ ತುಂಬ ಜನ. ನನ್ನ ಕೈಗೆ ಡಬ್ಬಿ ಕೊಟ್ಟರು. ಲೈವ್ ಮಾಡಲು ಫೋನನ್ನು, ನಾಚಿಕೆಯಿಲ್ಲದೆ, ತಮ್ಮನ ಕೈಗೇ ಕೊಟ್ಟರು.

"ನೀನು ಮೆಟ್ಟಿಲು ಹತ್ತೋದನ್ನ ಎಲ್ಲರೂ ನೋಡಿದಾರೆ. ಇದರಿಂದಲೇ ಅಂತ ಒಂದು ಮಾತು ಹೇಳು ಸಾಕು."

ನಾನು ಡಬ್ಬಿ ಎತ್ತಿ ಹಿಡಿದೆ. "ನಾನು ಇದರಲ್ಲಿ ಒಂದೂ ನುಂಗಿಲ್ಲ. ನುಂಗಿದವನು ಎದುರಿಗೆ ಫೋನ್ ಹಿಡ್ಕೊಂಡು ನಿಂತಿದಾನೆ."

ಯಜಮಾನರ ಹೊಟ್ಟೆ ಹೊರಗೆ ಬಂತು. "ಏಯ್, ಆಫ್ ಮಾಡೋ!"

ತಮ್ಮ ಆಫ್ ಮಾಡಲಿಲ್ಲ. ಕಣ್ಣು ಒರೆಸಿಕೊಂಡು ಫೋನನ್ನು ಅವರ ಮುಖದತ್ತ ತಿರುಗಿಸಿದ.

"ಈಗ ನೀವು ಹೇಳಿ ಭಾವ."