ವಿವರವಾಗಿ ಬರೆಯಿರಿ

ಶಿಕಾರಿಪುರದ ದನದ ಡಾಕ್ಟರಿಗೆಂದು ಶ್ರುತಿ ಮಾಡಿಕೊಟ್ಟ ವೆಬ್‌ಸೈಟಿನಲ್ಲಿ ಪುಂಡರು ‘ಹಾಯ್’, ‘ಊಟ ಆಯ್ತಾ’ ಎಂದು ಬರೆದು ತಲೆ ತಿನ್ನುತ್ತಿದ್ದರು. ರೋಸಿಹೋದ ಅವಳು, ಇಪ್ಪತ್ತು ಅಕ್ಷರಕ್ಕಿಂತ ಚಿಕ್ಕದ್ದೇನೂ ಡಾಕ್ಟರಿಗೆ ತಲುಪದಂತೆ ಜರಡಿ ಹಾಕಿಬಿಟ್ಟಳು.

ವಾರ ಕಳೆದು ಜರಡಿಯಲ್ಲಿ ಉಳಿದ ಕಸ ನೋಡುವಾಗ ಒಂದೇ ಸಾಲು ಹಲವು ಸಲ ಕಂಡಿತು. ಉಳವಿಯ ಹಾಲಮ್ಮ ಮತ್ತೆ ಮತ್ತೆ ಬರೆದಿದ್ದಳು: ‘ಹಸು ಏಳ್ತಿಲ್ಲ.’ ಪ್ರತಿ ಸಲವೂ ವೆಬ್‌ಸೈಟಿನಿಂದ ತಾನಾಗಿಯೇ ಹೋದ ಉತ್ತರ: ‘ವಿವರವಾಗಿ ಬರೆಯಿರಿ.’ ದನ ಸಾಕಿದವರಿಗೆ ಅದಕ್ಕಿಂತ ವಿವರ ಇನ್ನೇನಿದೆ?

ಸೊರಬದ ಬಸ್ಸು ಹಿಡಿದು ಉಳವಿಗೆ ಹೋದಳು. ಕೊಟ್ಟಿಗೆಯಲ್ಲಿ ಕರುವೊಂದೇ ಇತ್ತು. ಬಂದವಳು ಯಾರೆಂದು ತಿಳಿಯುತ್ತಲೇ ಹಾಲಮ್ಮ ಅವಳ ಕೈ ಹಿಡಿದುಕೊಂಡಳು.

“ನಂಗೆ ಸರಿಯಾಗಿ ಬರ್ಯಕ್ಕೆ ಬರಲ್ಲ ಕಣವ್ವ, ಅದಕ್ಕೇ ಹಸು ಹೋಯ್ತು. ಏನಂತ ಬರೀಬೇಕಿತ್ತು, ಹೇಳ್ಕೊಡು. ಈ ಕರುವಿಗಾದ್ರೂ ಬೇಕಾಗ್ತದೆ.”