ನೀಲಿ ಹಳ್ಳದ ಅರ್ಜಿ

ಹಳ್ಳದ ನೀರು ಒಂದಿನ ನೀಲಿ, ಒಂದಿನ ಕರಿ. ಮೇಲುಗಡೆ ಜೀನ್ಸ್ ಪ್ಯಾಂಟು ತೊಳೆಯೋ ಯೂನಿಟ್ಟಿನವರು ಆವತ್ತು ಯಾವ ಬಣ್ಣ ಬಿಟ್ಟರೋ ಆ ಬಣ್ಣ. ದಂಡೆಯ ಈಚಲ ಗಿಡಗಳು ಸುಳಿಯಿಂದಲೇ ಒಣಗುತ್ತಾ ಬಂದಿದ್ದವು. ಅವುಗಳ ಗರಿ ಸೀಳಿ ಕಸಬರಿಗೆ ಕಟ್ಟಿದರೆ ಸುಂಕಲಮ್ಮನ ಬೆರಳ ಸಂದಿ ಬಿರಿದು ರಕ್ತ ಒಸರುತ್ತಿತ್ತು.

ಆಂಧ್ರದ ಗಡಿಯ ರಾಯದುರ್ಗದ ಹೊರಗಿನ ಆ ಕೇರಿ ಕೊರಚರದು. ಸರಕಾರದ ಬಾಯಲ್ಲಿ ಎರುಕಲರು. ಅಜ್ಜಿ ಮುತ್ತಜ್ಜಿಯರ ಕಾಲದಿಂದ ಈಚಲು ನಂಬಿ ಹಳ್ಳದ ದಂಡೆಯಲ್ಲೇ ಬದುಕಿದ ಜನ. ಈಚಲು ಕೈಬಿಟ್ಟ ಮೇಲೆ ಸುಂಕಲಮ್ಮನ ಮಗ ಯರ್ರಪ್ಪ ಅದೇ ಯೂನಿಟ್ಟಿಗೆ ಸೇರಿದ್ದ. ಮೊಣಕೈ ತನಕ ನೀಲಿ ಹತ್ತಿಸಿಕೊಂಡು ಮನೆಗೆ ಬರುತ್ತಿದ್ದ.

ಆಮೇಲೆ ಕೇರಿಯ ಬೋರಿಂಗಿನಲ್ಲೂ ನೊರೆ ಬಂತು. ಯರ್ರಪ್ಪನ ಮಗಳು ಗಂಗೋತ್ರಿಯ ಮೈತುಂಬ ಗುಳ್ಳೆ ಎದ್ದವು. ಕೂಸು ಕೆರಕೊಂಡು ಕೆರಕೊಂಡು ಅಳೋದು ನೋಡಲಾಗದೆ ಸುಂಕಲಮ್ಮ ಸೊಸೆ ಜ್ಯೋತಿಯನ್ನು ಕರಕೊಂಡು, ಸೋಮವಾರ ಅರ್ಜಿ ತಗೊಳ್ಳೋ ಆಫೀಸಿಗೆ ಹೋದಳು. ಅಲ್ಲಿ ಜ್ಯೋತಿಯ ಫೋನ್ ನಂಬರು ಬರಕೊಂಡರು. "ಸಾರ್ ಬಂದು ನೋಡ್ತಾರೆ, ಹೋಗಮ್ಮ" ಅಂದರು.

ಸಾಹೇಬರು ಬಂದರು. ಆದರೆ ಸುದ್ದಿ ಅವರಿಗಿಂತ ಮುಂಚೆ ಯೂನಿಟ್ಟಿಗೆ ಮುಟ್ಟಿತ್ತು. ಹಿಂದಿನ ದಿನವೇ ಅವರು ನೀರು ಬಿಡೋದು ನಿಲ್ಲಿಸಿ ಹಳ್ಳ ಒಣಗಿತ್ತು. ಕೇರಿಯವರು ಯೂನಿಟ್ಟಿನ ಗೇಟಿನ ಹೊರಗೆ ನಿಂತರು. ಸಾಹೇಬರು ಒಳಗೆ ಹೋಗಿ ಕೈಗೆ ಸಿಕ್ಕ ಕೂಲಿಯವನನ್ನು ಕರೆದರು. ಅವನು ಯರ್ರಪ್ಪ.

"ತೊಳೆದ ನೀರು ಎಲ್ಲಿ ಬಿಡ್ತೀರಪ್ಪ?"

ಪಕ್ಕದಲ್ಲಿ ಮಾಲೀಕ ಕೈಕಟ್ಟಿ ನಿಂತಿದ್ದ.

"ಟ್ಯಾಂಕಿಗೆ ಹೋಗ್ತೈತ್ರಿ ಸಾರ್."

"ಹಳ್ಳಕ್ಕೆ?"

"ಇಲ್ರಿ."

ಸುಂಕಲಮ್ಮ ಗೇಟಿನ ಸರಳು ಹಿಡಿದು ಕೂಗಿದಳು. "ನಿನ್ನ ಕೂಸಿನ ಮೈ ನೆನಸ್ಕೊಂಡು ಹೇಳೋ, ಯಪ್ಪಾ!"

ಯರ್ರಪ್ಪ ಅವ್ವನ ಕಡೆ ತಿರುಗಲಿಲ್ಲ.

ಸಾಹೇಬರು ಕೇರಿಗೆ ಬಂದು ಬೋರಿಂಗಿನ ನೀರು ಬಾಟಲಿಗೆ ಹಿಡಕೊಂಡರು. ಮೂಸಿ ಮುಖ ಕಿವಿಚಿದರು. ಅದನ್ನು ಕಂಡೇ ಸುಂಕಲಮ್ಮನಿಗೆ ಒಂದಿಷ್ಟು ಆಸೆ ಹುಟ್ಟಿತು.

ಸಂಜೆ ಯರ್ರಪ್ಪ ಹೊಸ್ತಿಲಲ್ಲೇ ಕೂತುಬಿಟ್ಟ. "ಈ ಕೆಲ್ಸಾನೂ ಹೋದ್ರ ಒಲಿ ಹಚ್ಚೋದು ಹೆಂಗ, ಹೇಳಬೇ?" ಅಂದ. ಬೈಯಬೇಕು ಅಂತಿದ್ದಳು ಸುಂಕಲಮ್ಮ. ಮುದ್ದೆ ತಟ್ಟೆ ಅವನ ಮುಂದಿಟ್ಟು ಒಳಗೆ ಹೋದಳು.

ಸ್ವಲ್ಪ ದಿನಕ್ಕೆ ಸರಕಾರದ ಕಡೆಯ ಇಬ್ಬರು ಆಳು ಸ್ಪ್ಯಾನರು ಹಿಡಿದು ಬಂದರು. ಬೋರಿಂಗಿನ ಹ್ಯಾಂಡಲು ಬಿಚ್ಚತೊಡಗಿದರು. ನೆರೆಮನೆಯ ಪಾಪಕ್ಕ ಓಡಿಬಂದಳು.

"ಯಾಕ್ರೋ ಬಿಚ್ತೀರಿ?"

"ಈ ನೀರು ಕುಡಿಯಾಕ ಬರಂಗಿಲ್ಲ ಅಂತ ರಿಪೋರ್ಟ್ ಬಂದೈತಿ."

"ಹಂಗಾರ ಕೆಡಿಸಿದವ್ರನ್ನ ನಿಲ್ಲಿಸ್ರಿ!"

"ಅದು ನಮ್ಮ ಕೈಯಾಗಿಲ್ಲಬೇ. ಹ್ಯಾಂಡಲ್ ಬಿಚ್ಚಿ ಬರ್ರಿ ಅಂದಾರ, ಬಂದೀವಿ."

"ಬ್ಯಾರೆ ನೀರು?"

"ಟ್ಯಾಂಕರ್ ಬರ್ತೈತಿ."

ಬರಲಿಲ್ಲ. ಹೆಂಗಸರು ಕೊಡ ಹೊತ್ತು ರೈತರ ಪಂಪುಸೆಟ್ಟಿಗೆ ಅಲೆದರು. ಅಲ್ಲಿ, "ದೂರ ನಿಲ್ರಿ, ನಾವೇ ಹಾಕ್ತೀವಿ" ಅಂದರು. ಹಾಕಿದಷ್ಟು ತಂದರು.

ಹೀಗಿರುವಾಗ ಒಂದು ಮಧ್ಯಾಹ್ನ ಜ್ಯೋತಿಯ ಫೋನು ಬಡಕೊಂಡಿತು. ಸ್ಪೀಕರು ಹಾಕಿದಳು. ಹೆಂಗಸಿನ ದನಿ, ನಯವಾದ ತೆಲುಗು. ನಿಮ್ಮ ಅರ್ಜಿಯ ಸಮಸ್ಯೆ ಬಗೆಹರಿದಿದೆ, ತೃಪ್ತಿಯಾಗಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ ಅಂತ ಹೇಳಿತು.

ಸುಂಕಲಮ್ಮ ಫೋನು ಕಸಕೊಂಡಳು. "ಯವ್ವಾ, ಏನು ಬಗೆಹರಿದೈತೆ? ಇದ್ದ ನೀರೂ ಕಿತ್ಕೊಂಡು ಹೋದ್ರು. ಒಂದ್ಸಲ ಬಂದು ನಮ್ಮ ಕೂಸನ್ನ ನೋಡ್ಬೇ ತಾಯಿ..."

"ಅತ್ತಿ, ಅದು ಮಿಷನ್ನು. ಅದಕ್ಕ ಕೇಳಂಗಿಲ್ಲ."

ಜ್ಯೋತಿ ಎರಡು ಒತ್ತಿದಳು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಅಂತ ಹೇಳಿ ಫೋನು ಕಟ್ಟಾಯಿತು.

ಸುಂಕಲಮ್ಮ ಖಾಲಿ ಕೊಡ ಸೊಂಟಕ್ಕಿಟ್ಟು ಎದ್ದಳು. ನೆರೆಮನೆಯಿಂದ ಪಾಪಕ್ಕನೂ ಎದ್ದುಬಂದಳು, ಜ್ಯೋತಿ ಕೂಸನ್ನು ಎತ್ತಿಕೊಂಡಳು. ಒಬ್ಬರ ಹಿಂದೆ ಒಬ್ಬರು ಹೋಗಿ ಯೂನಿಟ್ಟಿನ ಗೇಟಿನ ಮುಂದೆ, ಉರಿಬಿಸಿಲಲ್ಲಿ ಕೂತರು.

ಮಾಲೀಕ ಯರ್ರಪ್ಪನನ್ನೇ ಹೊರಗೆ ಕಳಿಸಿದ.

"ಯವ್ವಾ, ಮನಿಗೆ ನಡಿಬೇ. ಪೊಲೀಸ್ರನ್ನ ಕರಸ್ತಾರಂತ."

"ಕರಸ್ಲಿ ಬಿಡು," ಅಂದಳು ಸುಂಕಲಮ್ಮ. "ಅವ್ರಾದ್ರೂ ಬರ್ತಾರಲ್ಲ."

ಪೊಲೀಸರ ಜೀಪು ಬರಲಿಕ್ಕೆ ತಡವಾಗಲಿಲ್ಲ.